ಐದನೇ ನಂಬರಿನ ಮನೆ

ಪಾಳುಬಿದ್ದ ಮನೆಗೆ ಮೊದಲು ಬಾವಲಿ ಬರುತ್ತದಂತೆ. ಪಾಳುಬಿದ್ದ ವಿಕಿಗೆ ಬರುವವರು ಮಾತ್ರೆ ಮಾರುವವರು. ಪಿರಿಯಾಪಟ್ಟಣದ ಬಸ್ ಸ್ಟಾಂಡ್ ಹಿಂದೆ, ತಾನು ಪಾಠ ಹೇಳುವ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಬೃಂದಾ 'ಗಣಕ ಜಗಲಿ'ಯನ್ನು ತೆರೆದಾಗ ಕಂಡದ್ದು ಬರೀ ಅದೇ. ಗಂಡಸರ ಶಕ್ತಿಯ ಮಾತ್ರೆ, ನಕಲಿ ಕೈಗಡಿಯಾರ, ಇಸ್ಪೀಟಾಟ. ಯಾವ ದೇಶದ ಯಾವ ಪುಣ್ಯಾತ್ಮರೋ, ಒಂದಕ್ಷರ ಕನ್ನಡ ಬರದವರು, ಕನ್ನಡದ ಪಾಠಗಳ ನಡುವೆ ತಮ್ಮ ಅಂಗಡಿ ಹಾಕಿಕೊಂಡು ಕೂತಿದ್ದರು. 'ನಾವು ಬಿಟ್ಟಿದ್ದಕ್ಕೆ ತಾನೇ ಇವರು ಬಂದದ್ದು' ಅಂತ ತನ್ನನ್ನೇ ಬೈದುಕೊಂಡು ಒಂದೊಂದೇ ಕಸ ಅಳಿಸುತ್ತಾ ಹೋದಳು.

ವಿಕಿ ಅಂದರೆ ಏನೂ ದೊಡ್ಡ ವಿಷಯವಲ್ಲ. ಯಾರು ಬೇಕಾದರೂ ಬಂದು ಬರೆಯಬಹುದಾದ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದಾದ ಇಂಟರ್ನೆಟ್ಟಿನ ಪುಟಗಳು. ಯಾರು ಯಾವಾಗ ಏನು ತಿದ್ದಿದರು ಅನ್ನುವುದೂ ಅದರಲ್ಲೇ ದಾಖಲಾಗಿರುತ್ತದೆ. ಈ ಜಗಲಿಯನ್ನು ಕಟ್ಟಿದವರು ವೀರಭದ್ರಸ್ವಾಮಿ ಮೇಷ್ಟ್ರು. ಪಾಲಿಟೆಕ್ನಿಕ್ಕಿನಲ್ಲಿ ಪ್ರೋಗ್ರಾಮಿಂಗ್ ಹೇಳಿಕೊಡುತ್ತಿದ್ದರು. ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದ ಹುಡುಗರು ಇಂಗ್ಲಿಷ್ ಪುಸ್ತಕದ ಮುಂದೆ ಮೂಕರಾಗಿ ಕೂರುವುದನ್ನು ನೋಡಿ ನೋಡಿ ಬೇಸತ್ತು, ರಿಟೈರಾಗುವ ಹೊತ್ತಿಗೆ ತಮ್ಮ ಹಳೇ ಶಿಷ್ಯರನ್ನು ಕರೆದು, "ನಾವೇ ಬರೆಯೋಣ ಕಣ್ರಯ್ಯ, ಕನ್ನಡದಲ್ಲಿ. ಯಾರೂ ದುಡ್ಡು ಕೊಡಲ್ಲ, ಯಾರೂ ಹಾರ ಹಾಕಲ್ಲ. ಬರೆದೋರ್ದು ಬರಹ, ಓದೋರ್ದು ಓದು" ಅಂದಿದ್ದರು. ಹುಣಸೂರಿನಲ್ಲಿ ಜೆರಾಕ್ಸು, ಡಿಟಿಪಿ ಅಂಗಡಿ ಇಟ್ಟಿದ್ದ ಚಲುವರಾಜು, ತಂಬಾಕು ಹರಾಜು ಕೇಂದ್ರದಲ್ಲಿ ಕಂಪ್ಯೂಟರ್ ಆಪರೇಟರಾಗಿದ್ದ ಚನ್ನಬಸವಣ್ಣ, ಕೆ.ಆರ್. ನಗರದ ಕಾವ್ಯಶ್ರೀ ಟೀಚರು, ಎಚ್.ಡಿ. ಕೋಟೆಯ ಮಂಟಯ್ಯ, ಕಂಪಲಾಪುರದ ಈ ಬೃಂದಾ, ಎಲ್ಲ ಹೂಂ ಅಂದು ಮೈಮೇಲೆ ದೇವರು ಬಂದವರ ಹಾಗೆ ಒಂದು ವರ್ಷ ಬರೆದರು. ಆಮೇಲೆ ನಿಂತುಹೋಯಿತು. ಜಗಳವಾಗಲಿಲ್ಲ, ಯಾರೂ ಸಾಯಲಿಲ್ಲ, ಸುಮ್ಮನೆ ನಿಂತುಹೋಯಿತು.

ಈಗ ಅದನ್ನು ಎಬ್ಬಿಸಬೇಕಾಗಿ ಬಂದದ್ದಕ್ಕೆ ಎರಡು ಕಾರಣ. ಒಂದು, ಬಿಟ್ಟಿಯಾಗಿ ಜಾಗ ಕೊಟ್ಟಿದ್ದ ದೂರದೇಶದ ಪುಣ್ಯವಂತರಿಂದ ಒಂದು ಮೇಲ್ ಬಂದಿತ್ತು. 'ನಿಮ್ಮ ವಿಕಿಯಲ್ಲಿ ಯಾರೂ ಇಲ್ಲ. ಈ ತಿಂಗಳ ಕೊನೆಯೊಳಗೆ ಕಡೇಪಕ್ಷ ಐದು ಜನ ತಮ್ಮ ತಮ್ಮ ಹೆಸರಿನಲ್ಲಿ ಬಂದು ಕೆಲಸ ಮಾಡಿದರೆ ಉಳಿಸುತ್ತೇವೆ, ಇಲ್ಲದಿದ್ದರೆ ಅಳಿಸುತ್ತೇವೆ.' ಎರಡನೆಯದು ಸುಮಿತ್ರಾ. ನಾಗರಹೊಳೆ ಅಂಚಿನ ಆದಿವಾಸಿ ಹಾಡಿಯಿಂದ ಬಂದು ಹಾಸ್ಟೆಲ್ಲಿನಲ್ಲಿದ್ದುಕೊಂಡು ಸೆಂಟರಿಗೆ ಬರುತ್ತಿದ್ದ ಹುಡುಗಿ. ಚುರುಕು ಅಂದರೆ ಚುರುಕು, ಆದರೆ ಇಂಗ್ಲಿಷ್ ಪುಸ್ತಕ ಬಿಚ್ಚಿದರೆ ಮುಖ ಬಾಡುತ್ತಿತ್ತು. ಒಂದು ದಿನ ಅವಳು, "ಮೇಡಂ, ಇದ್ನೆಲ್ಲ ಕನ್ನಡದಾಗೆ ಯಾರೂ ಬರ್ದಿಲ್ವಾ?" ಅಂತ ಕೇಳಿದಾಗ ಬೃಂದಾ, ಬರೆದ ಕೈ ತನ್ನದೇ ಆಗಿದ್ದರೂ, "ಇಲ್ಲ ಕಣೆ" ಅಂದುಬಿಟ್ಟಿದ್ದಳು. ಆ ಕಸದ ತಿಪ್ಪೆಯನ್ನು ಯಾವ ಮುಖ ಇಟ್ಟುಕೊಂಡು ತೋರಿಸುವುದು! ಆದರೆ ಅವತ್ತಿನಿಂದ ಅನ್ನ ಇಳಿಯಲಿಲ್ಲ. ಪಾಠಗಳನ್ನು ಸಿ.ಡಿ.ಗೆ ಇಳಿಸಿಟ್ಟುಕೊಳ್ಳುವುದು ಏನು ಮಹಾ, ಅದನ್ನು ಆಗಲೇ ಮಾಡಿದ್ದಳು. ಆದರೆ ಸಿ.ಡಿ.ಯಲ್ಲಿರುವುದು ಅರ್ಧಕ್ಕೆ ನಿಂತ ಪಾಠ. ಮುಂದಕ್ಕೆ ಬರೆಯುವ ಜನ ಬೇಕು. ಕೇಳಿದರೆ ಹೇಳುವವರು, ತಪ್ಪಿದರೆ ತಿದ್ದುವವರು ಬೇಕು. ಅಂಥ ಒಂದು ಜಗಲಿ ಸುಮಿತ್ರಾಳಂಥವರಿಗೆ ಇರಲೇಬೇಕು ಅಂತ ಬೃಂದಾ ಹಟ ಹಿಡಿದಳು.

ಮೊದಲು ಹೋದದ್ದು ಹುಣಸೂರಿಗೆ. ಚಲುವರಾಜು ಅಂಗಡಿಯಲ್ಲಿ ಯಾರದೋ ಗೃಹಪ್ರವೇಶದ ಕಾರ್ಡು ಮಾಡುತ್ತಿದ್ದ. ಇವಳನ್ನು ನೋಡಿ ಎದ್ದು ನಿಂತು, ಸ್ಟೂಲು ಒರೆಸಿ ಕೂರಿಸಿ, ಬೇಡ ಅಂದರೂ ಟೀ ತರಿಸಿದ. ಬಾಯಿ ತುಂಬ ಮಾತಿನ ಮನುಷ್ಯ.

"ಜಗಲೀನಾ? ಅಯ್ಯೋ, ಅದು ನಮ್ಮ ಕೂಸಲ್ವೇನಮ್ಮ! ಬರೆಯನ ಬುಡು. ಇವತ್ತೇ ರಾತ್ರಿ ಕೂತ್ಕಂಡು ಬರ್ದಾಕ್ತೀನಿ."

"ಅಣ್ಣಾ, ಸ್ವಂತ ಹೆಸರಲ್ಲಿ ಬರೀಬೇಕು. ಪಾಸ್‌ವರ್ಡ್ ನೆನಪದಾ?"

"ಅದೊಂದು ಮರ್ತೋಗದೆ ನೋಡು. ಓಗ್ಲಿ, ಹೊಸ್ದು ಮಾಡ್ಕತೀನಿ. ನೀನು ತಲೆ ಕೆಡಿಸ್ಕಬೇಡ, ಮುಂದಿನ ಪಾಠ ನಂದು."

ಅವತ್ತು ಬರೆಯಲಿಲ್ಲ, ಮಾರನೇ ದಿನವೂ ಇಲ್ಲ. ಫೋನ್ ಮಾಡಿದಾಗಲೆಲ್ಲ "ಕರೆಂಟಿಲ್ಲ", "ಲೈನ್ ಸಿಕ್ತಿಲ್ಲ", "ಮದ್ವೆ ಸೀಸನ್ನು ಕಣಮ್ಮ". ಕಾವ್ಯಶ್ರೀ ಟೀಚರಿಗೆ ಫೋನ್ ಮಾಡಿದರೆ ಪರೀಕ್ಷೆ ಕೆಲಸ. ಮಂಟಯ್ಯ, "ನೀವೆಲ್ಲ ಶುರು ಮಾಡಿ, ನಾನು ಹಿಂದೆಯೇ ಬತ್ತೀನಿ" ಅಂದ. ಎಲ್ಲರೂ ಹಿಂದೆಯೇ ಬರುವವರಾದರೆ ಮುಂದೆ ಹೋಗುವವರು ಯಾರು? ಬೃಂದಾಗೆ ಗೋಡೆಗೆ ಹೇಳಿದ ಹಾಗಾಯಿತು. ತಿಂಗಳು ಕರಗುತ್ತಿತ್ತು.

ನಿಜ ಬಾಯಿಬಿಟ್ಟವನು ಚನ್ನಬಸವಣ್ಣ. ಹರಾಜು ನಡೆಯುವ ಕಾಲ, ಪಿರಿಯಾಪಟ್ಟಣವೆಲ್ಲ ತಂಬಾಕಿನ ಘಾಟು. ಬೇಲು ಮೂಟೆಗಳನ್ನು ಹೇರಿಕೊಂಡ ಟ್ರಾಕ್ಟರುಗಳ ಸಾಲಿನ ಪಕ್ಕ ನಿಂತು, ಕೆಮ್ಮುತ್ತಾ, ಅವನು ಅತ್ತಿತ್ತ ನೋಡಿ ಹೇಳಿದ:

"ಬೃಂದಾ, ನೀನೂ ಗೊತ್ತಿಲ್ದೋಳಂಗೆ ಆಡ್ಬೇಡ. ಆ ಲೂಪಿನ ಪುಟ ಅಡ್ಡ ಕೂತದೆ. ಅದನ್ನ ದಾಟಿ ಯಾರು ಬರೀತಾರೆ, ಯೋಳು?"

ಬೃಂದಾಗೆ ಗೊತ್ತಿಲ್ಲದೆ ಏನು.

ಅದನ್ನು ಹೇಳಿಯೇಬಿಡಬೇಕು. ಒಂದು ಬೀದಿಯಲ್ಲಿ ಐದು ಮನೆ ಇವೆ ಅಂದುಕೊಳ್ಳಿ. ನಾವು ಒಂದರಿಂದ ಎಣಿಸುತ್ತೇವೆ, ಕಂಪ್ಯೂಟರು ಸೊನ್ನೆಯಿಂದ ಎಣಿಸುತ್ತದೆ. ಸೊನ್ನೆ, ಒಂದು, ಎರಡು, ಮೂರು, ನಾಲ್ಕು. ಮುಗಿಯಿತು, ಐದು ಮನೆ. ಒಂದೊಂದೇ ಮನೆಯ ಬಾಗಿಲು ತಟ್ಟಿ ಒಳಗೇನಿದೆ ಕೇಳಿಕೊಂಡು ಬಾ ಅಂತ ಕಂಪ್ಯೂಟರನ್ನು ಕಳಿಸುವುದಕ್ಕೆ ಲೂಪು ಅಂತಾರೆ. ಇದೇ ಮನೆಗಳ ಲೆಕ್ಕ ಕೊಟ್ಟು ಆ ಪಾಠ ಬರೆದವರು ಸ್ವತಃ ಮೇಷ್ಟ್ರು. ಅದರ ಒಂದು ಸಾಲಿನಲ್ಲಿ, 'ನಂಬರು ಐದಕ್ಕಿಂತ ಕಮ್ಮಿ ಇರುವ ತನಕ ತಟ್ಟು' ಅಂತಿರಬೇಕಾದ ಕಡೆ 'ಐದೂ ಸೇರಿದ ಹಾಗೆ ತಟ್ಟು' ಅಂತಾಗಿತ್ತು. ಐದನೇ ನಂಬರಿನ ಮನೆಯೇ ಇಲ್ಲವಲ್ಲ! ಅಲ್ಲಿರುವುದು ಯಾರದೋ ಹಿತ್ತಲು. ಕಂಪ್ಯೂಟರಿಗೆ ನಾಚಿಕೆಯೇ ಮಾನವೇ, ಆ ಹಿತ್ತಲಿಗೂ ನುಗ್ಗಿ ಕೈಗೆ ಸಿಕ್ಕಿದ ಕಸ ಎತ್ತಿಕೊಂಡು ಬಂದು, ತಗೋ ಇನ್ನೊಂದು ಅಂತ ಮುಂದೆ ಸುರಿಯುತ್ತದೆ.

'ಸಮ' ಅನ್ನುವ ಒಂದೇ ಒಂದು ಚಿಹ್ನೆ ಹೆಚ್ಚಾಗಿತ್ತು, ಅಷ್ಟೇ. ಎಲ್ಲರಿಗೂ ಓದಿದ ದಿನವೇ ಕಂಡಿತ್ತು. ಆದರೆ ಮೇಷ್ಟ್ರು ಬರೆದದ್ದನ್ನು ಶಿಷ್ಯ ತಿದ್ದುವುದೇ? ತಿದ್ದಿದವನ ಹೆಸರು ಬೇರೆ ಅಲ್ಲೇ ದಾಖಲಾಗುತ್ತದೆ, ಲೋಕವೆಲ್ಲ ನೋಡುವ ಹಾಗೆ! ಫೋನ್ ಮಾಡಿ ಹೇಳುವುದೂ ಅಧಿಕಪ್ರಸಂಗ. ಚಲುವರಾಜು ಆ ಪಾಠವನ್ನು ಜೆರಾಕ್ಸ್ ಮಾಡಿ ಹುಡುಗರಿಗೆ ಕೊಡುವಾಗ ಆ ಸಾಲಿನ ಮೇಲೆ ಚೀಟಿ ಅಂಟಿಸುತ್ತಿದ್ದ. ಚನ್ನಬಸವಣ್ಣ ಕೇಳಿದವರಿಗೆ, "ಅದೊಂದ್ ಸಾಲು ಬುಟ್ಟು ಓದ್ಕಳಿ" ಅನ್ನುತ್ತಿದ್ದ. ಬೃಂದಾ ಒಮ್ಮೆ ಧೈರ್ಯ ಮಾಡಿ ಎಡಿಟ್ ಒತ್ತಿ ಆ ಚಿಹ್ನೆಯ ಪಕ್ಕ ಹೋಗಿ ನಿಂತಿದ್ದಳು. ಗುರುವಿನ ತಲೆ ಮೇಲೆ ಕೈ ಇಟ್ಟ ಹಾಗಾಗಿ ಹಿಂದಕ್ಕೆ ಬಂದಿದ್ದಳು. ಮುಂದಿನ ಪಾಠಗಳೆಲ್ಲ ಆ ಲೂಪಿನ ಮೇಲೇ ಕಟ್ಟಬೇಕಾದವು. ಸರಿಯಾಗಿ ಬರೆದರೆ ಮೇಷ್ಟ್ರದು ತಪ್ಪು ಅಂತ ಸಾರಿದ ಹಾಗೆ, ಮೇಷ್ಟ್ರ ಹಾಗೆ ಬರೆದರೆ ಸುಳ್ಳು ಕಲಿಸಿದ ಹಾಗೆ. ಅತ್ತ ದರಿ, ಇತ್ತ ಪುಲಿ. ಅದಕ್ಕೇ ಎಲ್ಲರೂ ಬರೆಯುವುದನ್ನೇ ಬಿಟ್ಟಿದ್ದರು.

"ಮೇಷ್ಟ್ರೇ ತಿದ್ದಿಬುಟ್ರೆ ಎಲ್ಲಾ ಸಲೀಸು" ಅಂದ ಚನ್ನಬಸವಣ್ಣ. "ಅವ್ರಿಗೆ ಸೂಕ್ಷ್ಮವಾಗಿ ತಿಳಿಸ್ಬೇಕು. ನೀನು ಹೆಣ್ಮಗ್ಳು, ನಿನ್ನ ಮೇಲೆ ಕ್ವಾಪ ಮಾಡ್ಕಳಲ್ಲ, ನೀನೇ ಓಗು."

ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಹೆಣ್ಣುಮಗಳಿಗೆ ಬಂತು. ಬಯ್ಯಬೇಕೆನಿಸಿದರೂ ಬೃಂದಾ ಬಯ್ಯಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಮೇಷ್ಟ್ರ ಊರು ಕಟ್ಟೆಮಳಲವಾಡಿಗೆ ಬಸ್ಸು ಹತ್ತಿದಳು.

ಮೇಷ್ಟ್ರು ಮನೆಯ ಜಗಲಿಯಲ್ಲಿ ಮೊಮ್ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಸ್ವಲ್ಪ ಇಳಿದಿದ್ದರು, ಗಂಟಲು ಮಾತ್ರ ಹಳೆಯದೇ. ಹೆಂಡತಿ ಮಂಗಳಮ್ಮ ಒಳಗಿನಿಂದ ಬಂದು, "ಈಗ ದಾರಿ ಗೊತ್ತಾಯ್ತೇನವ್ವ?" ಅಂತ ಕೆಣಕಿ ಕಾಫಿ ಇಟ್ಟರು. ಬೃಂದಾ ಮೇಲ್ ಬಂದ ವಿಷಯ ಹೇಳಿದಳು. ಸುಮಿತ್ರಾಳ ವಿಷಯ ಹೇಳಿದಳು. ಹವಾಮಾನ ಹೇಳಿದಳು, ಬಸ್ಸಿನ ರಶ್ಶು ಹೇಳಿದಳು. ಹೇಳಬೇಕಾದ್ದನ್ನು ಬಿಟ್ಟು ಊರ ಸುದ್ದಿಯೆಲ್ಲ ಹೇಳಿ, ಕೊನೆಗೆ ಕಾಫಿ ಲೋಟ ನೋಡುತ್ತಾ, "ಸಾರ್, ಲೂಪಿನ ಪುಟ ಒಂದ್ಸಲ ನೀವು ಕಣ್ಣಾಡಿಸಿದ್ರೆ..." ಅಂದಳು.

"ಐದನೇ ನಂಬರಿನ ಮನೆಯಾ?" ಅಂದರು ಮೇಷ್ಟ್ರು.

ಅವಳು ಲೋಟ ಕೆಳಗಿಟ್ಟಳು.

"ನಂಗೊತ್ತು ಕಣಮ್ಮ. ಬರೆದು ಒಂದು ವಾರಕ್ಕೇ ಗೊತ್ತಾಯ್ತು. ತಿದ್ದೋಣ ಅಂತ ಕೂತೆ. ಆಮೇಲೆ ಅನ್ನಿಸ್ತು, ಬೇಡ, ಯಾರಾದ್ರೂ ನೋಡ್ತಾರೆ, ನೋಡಿದೋರು ತಿದ್ತಾರೆ. ಅದಕ್ಕೇ ತಾನೇ ಇದನ್ನ ಮಾಡಿದ್ದು? ಕ್ಲಾಸಲ್ಲಿ ಯಾವೋನೂ ಬಾಯಿ ಬಿಡ್ತಿರ್ಲಿಲ್ಲ. ಇಲ್ಲಿ ಮುಖ ಕಾಣಲ್ಲ, ಧೈರ್ಯವಾಗಿ ತಿದ್ತಾರೆ ಅಂತ ಕಾದೆ."

"ದಿನಾ ಬೆಳಗ್ಗೆ ಎದ್ದು ಅದ್ನೇ ತೆಗ್ದು ನೋಡೋರು" ಅಂದರು ಮಂಗಳಮ್ಮ. "ಮೊಖಾನೂ ತೊಳೀದೆ. ಯಾರಾದ್ರೂ ಬಂದವ್ರಾ ಅಂತ. ನೋಡಿ ನೋಡಿ, ಒಂದಿನ ಆ ಕಂಪ್ಯೂಟ್ರಿಗೆ ಬಟ್ಟೆ ಮುಚ್ಚಿಬುಟ್ರು."

"ಯಾರೂ ಓದ್ತಾ ಇಲ್ಲ ಅಂತ ತಿಳ್ಕೊಂಡೆ" ಅಂದರು ಮೇಷ್ಟ್ರು. "ಓದೋರೇ ಇಲ್ದ ಮೇಲೆ ಬರೆದು ಯಾರಿಗೆ?"

ಬೃಂದಾಗೆ ತಡೆಯಲಾಗಲಿಲ್ಲ. ಅಯ್ಯೋ, ಇಷ್ಟು ವರ್ಷ ಈ ಮನುಷ್ಯ ಇದನ್ನು ಎದೆಯಲ್ಲಿಟ್ಟುಕೊಂಡು ಕೂತಿದ್ದರಲ್ಲ! ಸಮಾಧಾನವಾಗಲಿ ಅಂತಲೇ ಅವಳು ಬಾಯಿಬಿಟ್ಟದ್ದು: "ಇಲ್ಲ ಸಾರ್, ಎಲ್ಲಾ ಓದಿದ್ವಿ. ಎಲ್ಲರಿಗೂ ಗೊತ್ತಿತ್ತು ಸಾರ್."

ಮೇಷ್ಟ್ರು ತಲೆ ಎತ್ತಿದರು. "ಎಲ್ಲರಿಗೂ?"

"ಹೂಂ ಸಾರ್. ಚಲುವರಾಜಣ್ಣ ಚೀಟಿ ಅಂಟಿಸ್ತಿದ್ರು..." ಅಂದವಳು ಅಲ್ಲೇ ನಿಲ್ಲಿಸಿದಳು. ತಡವಾಗಿತ್ತು.

"ಚೀಟಿ" ಅಂದರು ಮೇಷ್ಟ್ರು. ಮೊಮ್ಮಗಳು ಮಗ್ಗಿ ನಿಲ್ಲಿಸಿ ತಾತನನ್ನೇ ನೋಡಿತು. "ಓದೋರಿಲ್ಲ ಅಂದ್ಕೊಂಡಾಗ ಬೇಜಾರಾಗಿತ್ತು ಅಷ್ಟೇ. ಈಗ ನಾಚಿಕೆ ಆಗ್ತದೆ ಕಣಮ್ಮ. ಕುಂಟನ ಮುಂದೆ ಕಾಲಿನ ಮಾತಾಡಬಾರದು ಅಂತ ಎಲ್ಲ ಸೇರಿ ಸುಮ್ನಿದ್ದ ಹಾಗಾಯ್ತಲ್ಲ."

ಮೊಮ್ಮಗಳನ್ನು ಒಳಗೆ ಕಳಿಸಿ ಮೇಷ್ಟ್ರು ಹೇಳಿದರು: "ಭಾನುವಾರ ಚಲುವರಾಜು ಅಂಗಡಿಗೆ ಬರ್ತೀನಿ. ಎಲ್ಲರನ್ನೂ ಕರಿ. ನಾನು ತಿದ್ದಲ್ಲ. ನಿಮ್ಮಲ್ಲಿ ಯಾರಾದ್ರೂ ತಿದ್ದಿ, ನನ್ನ ಕಣ್ಣೆದುರಿಗೆ. ಅಲ್ಲಿಂದ ಮುಂದಕ್ಕೆ ಬರೆಯೋಣ, ನಾನೂ ಬರೀತೀನಿ."

ಬೃಂದಾ ವಾಪಸ್ ಬರುವಾಗ ಬಸ್ಸಿನಲ್ಲಿ ಕಣ್ಣೊರೆಸಿಕೊಂಡಳು. ಖುಷಿಗೆ. ಪಾಪ, ಖುಷಿಪಡಲು ಅವಳಿಗಿದ್ದದ್ದು ಭಾನುವಾರದ ತನಕದ ಸಮಯ.

ಭಾನುವಾರ ಚಲುವರಾಜುವಿನ ಅಂಗಡಿಯ ಮುಂದೆ ಇಳಿದವಳಿಗೆ ಮೊದಲು ಕಂಡದ್ದು ಫ್ಲೆಕ್ಸು. 'ಗುರುವಂದನೆ' ಅಂತ ಆಳೆತ್ತರದ ಅಕ್ಷರ, ಮೇಷ್ಟ್ರು ಕೈ ಮುಗಿದಿರುವ ಫೋಟೋ, ಕೆಳಗೆ ಸಾಲಾಗಿ ಶಿಷ್ಯರ ಫೋಟೋ, ಹೆಸರು, ಇನಿಷಿಯಲ್ ಸಮೇತ. ಒಳಗೆ ಕುರ್ಚಿಗೆ ಹೊಸ ಟವೆಲ್ ಹೊದಿಸಿತ್ತು. ಸುಗಂಧರಾಜದ ಹಾರ, ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಕಾವ್ಯಶ್ರೀ ಟೀಚರು ರೇಷ್ಮೆ ಸೀರೆ ಉಟ್ಟು ಪ್ರಾರ್ಥನೆ ಗೀತೆಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"ಇದೇನಣ್ಣ ಇದು? ತಿದ್ದೋಕೆ ಅಲ್ವಾ ಕರೆದದ್ದು?" ಅಂದಳು ಬೃಂದಾ.

"ಬರಿಗೈಲಿ ಕರ್ಸಿ ತಪ್ಪು ತೋರ್ಸದಾ? ನಮ್ಗೂ ಮರ್ವಾದೆ ಇಲ್ವಾ?" ಅಂದ ಚಲುವರಾಜು. "ಮೊದ್ಲು ಇದಾಗ್ಲಿ, ಆಮೇಲೆ ಅದು."

ಇದಾಯಿತು. ಮೇಷ್ಟ್ರು ಬೇಡ ಬೇಡ ಅನ್ನುತ್ತಿದ್ದರೂ ಪೇಟ ಇಟ್ಟರು, ಹಾರ ಹಾಕಿದರು, ಫೋಟೋ ತೆಗೆದರು. ಮಂಟಯ್ಯ ಎದ್ದು, ತಾನು ಇವತ್ತು ಏನಾಗಿದ್ದರೂ ಅದು ಮೇಷ್ಟ್ರ ಭಿಕ್ಷೆ ಅಂತ ಹೇಳುತ್ತಾ ನಿಜವಾಗಿಯೂ ಅತ್ತುಬಿಟ್ಟ. ಚನ್ನಬಸವಣ್ಣ, "ಅವರ ಬಾಯಿಂದ ಒಂದು ತಪ್ಪು ಮಾತು ಬಂದದ್ದನ್ನ ನಾವು ಕಂಡಿಲ್ಲ" ಅಂದ. ಅಂದವನ ಹಿಂದೆಯೇ ಕಂಪ್ಯೂಟರ್ ಪರದೆಯ ಮೇಲೆ ಲೂಪಿನ ಪುಟ ತೆರೆದಿತ್ತು. ಬೃಂದಾಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಕೊನೆಗೆ ಮೇಷ್ಟ್ರು ಹಾರ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಆಯ್ತು ಕಣ್ರಯ್ಯ. ಈಗ ಬಂದ ಕೆಲಸ. ಯಾರು ತಿದ್ತೀರಿ?" ಅಂದರು.

ಯಾರೂ ಅಲ್ಲಾಡಲಿಲ್ಲ.

"ನೀವೇ ಮಾಡಿ ಸಾರ್" ಅಂದರು ಕಾವ್ಯಶ್ರೀ ಟೀಚರು. "ನಿಮ್ಮ ಅಮೃತಹಸ್ತದಿಂದಲೇ ಆಗ್ಲಿ."

"ಹೂಂ, ಅದೇ ಸರಿ!" ಅಂದರು ಎಲ್ಲರೂ ಒಟ್ಟಿಗೆ. ಚಲುವರಾಜು ಕುರ್ಚಿಯನ್ನೇ ಕಂಪ್ಯೂಟರಿನ ಕಡೆ ತಳ್ಳಿದ. ಚಪ್ಪಾಳೆಯೂ ಬಿತ್ತು.

"ನಾನು ತಿದ್ದೋ ಹಾಗಿದ್ರೆ ಮನೇಲೇ ತಿದ್ತಿದ್ದೆ" ಅಂದರು ಮೇಷ್ಟ್ರು. ಧ್ವನಿಯಲ್ಲಿ ಹಳೇ ಕ್ಲಾಸಿನ ಗದರಿಕೆ. "ಒಬ್ಬನಿಗಾದ್ರೂ ಕೈ ಇಲ್ವಾ ನಿಮ್ಮಲ್ಲಿ?"

ಎಲ್ಲರೂ ನೆಲ ನೋಡಿದರು. ಬೃಂದಾ ಮೇಷ್ಟ್ರ ಮುಖ ನೋಡಿದಳು. ದಿನಾ ಬೆಳಗ್ಗೆ ಮುಖ ತೊಳೆಯದೆ ಕಾದವರ ಮುಖ. ಎದ್ದಳು. ತನ್ನ ಹೆಸರು, ಪಾಸ್‌ವರ್ಡ್ ಒತ್ತಿ ಒಳಹೋದಳು. ಎಡಿಟ್ ಒತ್ತಿದಳು. ಆ ಒಂದು ಚಿಹ್ನೆ ಅಳಿಸಿದಳು. ಏನು ಬದಲಾಯಿಸಿದಿರಿ ಅಂತ ಕೇಳುವ ಜಾಗದಲ್ಲಿ 'ಐದನೇ ನಂಬರಿನ ಮನೆ ಇಲ್ಲ' ಅಂತ ಬರೆದು ಸೇವ್ ಮಾಡಿದಳು. ಪರದೆಯ ಮೇಲೆ ಮೂಡಿತು: ವೀರಭದ್ರಸ್ವಾಮಿಯವರ ಬರಹ, ಬೃಂದಾರವರ ತಿದ್ದುಪಡಿ.

ಚಪ್ಪಾಳೆ ಬೀಳಲಿಲ್ಲ. ಅವಳು ತಿರುಗಿ ಮೇಷ್ಟ್ರನ್ನು ನೋಡಿದಳು. ಒಂದು ನಗು, ಒಂದು 'ಭೇಷ್', ಏನೋ ಒಂದು ಬರುತ್ತದೆ ಅಂತ. ಮೇಷ್ಟ್ರು ಪರದೆಯನ್ನೇ ನೋಡುತ್ತಿದ್ದರು. ತಮ್ಮ ಹೆಸರು, ಅದರ ಪಕ್ಕ ಅವಳ ಹೆಸರು. ಅವರ ಕೈ ತಾನೇ ತಾನಾಗಿ ತಲೆಗೆ ಹೋಗಿ ಪೇಟ ಇಳಿಸಿತು.

"ಸರಿಯಾಗಿದೆ" ಅಂದರು. ಅಷ್ಟೇ. "ಬಸ್ಸಿಗೆ ಹೊತ್ತಾಯ್ತು" ಅಂತ ಎದ್ದರು. ಹಣ್ಣಿನ ಬುಟ್ಟಿ ಅಲ್ಲೇ ಉಳಿಯಿತು. ಚಲುವರಾಜು ಬಸ್ ಸ್ಟಾಂಡಿನ ತನಕ ಓಡಿಹೋಗಿ ಅದನ್ನು ಕೊಟ್ಟು ಬಂದ.

ಬಂದವನು ಬೃಂದಾಳ ಮುಖ ನೋಡದೆ ಹೇಳಿದ: "ಗುರುಗಳನ್ನ ಕುರ್ಚೀಲಿ ಕೂರ್ಸಿ, ಎಲ್ರ ಮುಂದೆ ಇಂಗ್ ಮಾಡ್ಬಾರ್ದಿತ್ತು ಕಣಮ್ಮ."

"ಅವರೇ ಹೇಳಿದ್ರಲ್ಲಣ್ಣ!"

"ಅವ್ರು ದೊಡ್ಡೋರು, ಯೋಳ್ತಾರೆ. ನಮ್ಗೆ ಬುದ್ಧಿ ಬೇಡ್ವಾ?"

ಬೃಂದಾ ಅಲ್ಲಿ ಜಗಳವಾಡಲಿಲ್ಲ. ಮನೆಗೆ ಬಂದು ಹಟಕ್ಕೆ ಬಿದ್ದವಳ ಹಾಗೆ ಮುಂದಿನ ಪಾಠ ಬರೆದಳು. ಯಾರೂ ಬರದಿದ್ದರೆ ಬೇಡ, ತಾನೊಬ್ಬಳೇ ಬರೆಯುತ್ತೇನೆ, ಅಳಿಸುವವರು ಅಳಿಸಿಕೊಳ್ಳಲಿ. ಮಾರನೇ ದಿನ ಜಗಲಿ ತೆರೆದರೆ ಹೊಸ ಬದಲಾವಣೆಗಳ ಸಾಲಿನಲ್ಲಿ ಒಂದು ಹೆಸರು: ಚಲುವರಾಜು. ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಬಂದನಲ್ಲ ಕೊನೆಗೂ! ಒತ್ತಿ ನೋಡಿದಳು. ಅವಳು ಅಳಿಸಿದ ಚಿಹ್ನೆಯನ್ನು ಅವನು ಮತ್ತೆ ಇಟ್ಟಿದ್ದ. ಪಕ್ಕದಲ್ಲಿ ಬರೆದಿದ್ದ: 'ಗುರುಗಳ ಮೂಲ ಪಾಠ. ಯಾರೂ ಮುಟ್ಟಬಾರದು.'

ಅವಳು ಮತ್ತೆ ಅಳಿಸಿದಳು. ಸಂಜೆಯೊಳಗೆ ಚನ್ನಬಸವಣ್ಣ ಮತ್ತೆ ಇಟ್ಟ: 'ಗುರುಗಳ ಪಾಠ ಸರಿ ಇದೆ.' ಅವಳು ಅಳಿಸಿದಳು, ಕಾವ್ಯಶ್ರೀ ಟೀಚರು ಇಟ್ಟರು. ಅವಳು ಅಳಿಸಿದಳು, ಮಂಟಯ್ಯ ಇಟ್ಟ. ಪಾಸ್‌ವರ್ಡ್ ಮರೆತವರು, ಲೈನ್ ಸಿಗದವರು, ಪರೀಕ್ಷೆ ಕೆಲಸದವರು, ಹಿಂದೆಯೇ ಬರುತ್ತೇನೆ ಅಂದವರು, ಎಲ್ಲರಿಗೂ ಈಗ ಲೈನೂ ಸಿಕ್ಕಿತು, ಪುರುಸೊತ್ತೂ ಸಿಕ್ಕಿತು. ಒಬ್ಬರಾದರೂ ಮುಂದಿನ ಪಾಠದ ಕಡೆ ತಿರುಗಿ ನೋಡಲಿಲ್ಲ. ಕೋಪದಿಂದ ಮಾಡಿದ್ದರೆ ಬೃಂದಾ ತಡೆದುಕೊಳ್ಳುತ್ತಿದ್ದಳು. ಅವರು ಮಾಡಿದ್ದು ಭಕ್ತಿಯಿಂದ. ಅದರ ಮುಂದೆ ಅವಳ ಕೈ ಸೋತಿತು, ಬಿಟ್ಟಳು.

ತಿಂಗಳ ಕೊನೆಗೆ ದೂರದೇಶದವರ ಮೇಲ್ ಬಂತು. ಅವರಿಗೆ ಕನ್ನಡ ಬರುವುದಿಲ್ಲ, ಹೆಸರು ಎಣಿಸಲು ಮಾತ್ರ ಬರುತ್ತದೆ. 'ಅಭಿನಂದನೆಗಳು. ನಿಮ್ಮ ವಿಕಿಯಲ್ಲಿ ಐದು ಜನ ಉತ್ಸಾಹದಿಂದ ಕೆಲಸ ಮಾಡುತ್ತಿರುವುದು ನಮಗೆ ಸಂತೋಷ ತಂದಿದೆ. ಇದನ್ನು ಉಳಿಸಿಕೊಳ್ಳುತ್ತೇವೆ.' ಬೃಂದಾ ಅದನ್ನು ಓದಿ ಕಟ್ಟೆಮಳಲವಾಡಿಗೆ ಫೋನ್ ಮಾಡಿದಳು. ಆ ಭಾನುವಾರದಿಂದ ಫೋನ್ ಮಾಡಿದಾಗಲೆಲ್ಲ ಮಂಗಳಮ್ಮ, "ಮಲಗವ್ರೆ", "ಗದ್ದೆ ತಾವ ಓಗವ್ರೆ" ಅನ್ನುತ್ತಿದ್ದರು. ಅವತ್ತು ಮೇಷ್ಟ್ರೇ ಎತ್ತಿದರು. ಧ್ವನಿಯಲ್ಲಿ ಲವಲವಿಕೆ ಇತ್ತು.

"ನೋಡ್ದೆ ಕಣಮ್ಮ. ದಿನಾ ಬೆಳಗ್ಗೆ ನೋಡ್ತಿದೀನಿ. ಎಲ್ಲರೂ ಬಂದಿದಾರಲ್ಲ! ನನ್ನ ಮೇಲೆ ಎಷ್ಟು ಪ್ರೀತಿ ಇಟ್ಕೊಂಡಿದಾರೆ ನೋಡು ಹುಡುಗ್ರು. ನಾನೇ ತಪ್ಪು ತಿಳ್ಕೊಂಡಿದ್ದೆ."

"ಸಾರ್, ಆ ಸಾಲು..."

"ಇರ್ಲಿ ಬಿಡಮ್ಮ" ಅಂದರು ಮೇಷ್ಟ್ರು. "ಅಷ್ಟು ಅಭಿಮಾನದಿಂದ ಇಟ್ಟಿದಾರೆ. ನೀನು ಹೇಗೂ ಕ್ಲಾಸಲ್ಲಿ ಹೇಳ್ಕೊಡ್ತೀಯಲ್ಲ."

ಅವಳು ಹೂಂ ಅಂದು ಫೋನ್ ಇಟ್ಟಳು. ಮೇಷ್ಟ್ರ ಮೇಲೆ ಸಿಟ್ಟೂ ಬರಲಿಲ್ಲ, ಅದೇ ಅವಳಿಗೆ ಹೆಚ್ಚು ಸಂಕಟವಾದದ್ದು.

ಕಸ ಹೋಗಿದ್ದರಿಂದ ಜಗಲಿ ಈಗ ಯಾರು ಹುಡುಕಿದರೂ ಸಿಗುತ್ತಿತ್ತು. ಸುಮಿತ್ರಾಗೂ ಸಿಕ್ಕಿತು. ಬೃಂದಾ ತೋರಿಸಿರಲಿಲ್ಲ, ಹುಡುಗಿ ತಾನೇ ಹುಡುಕಿಕೊಂಡಿದ್ದಳು. ಒಂದು ಬೆಳಗ್ಗೆ ಸೆಂಟರಿಗೆ ಓಡಿಬಂದು, "ಮೇಡಂ, ಕನ್ನಡದಾಗೆ ಅದೆ! ಇಲ್ಲ ಅಂತ ಅಂದ್ರಿ, ಎಷ್ಟ್ ಚೆಂದಾಗಿ ಬರ್ದವ್ರೆ ಗೊತ್ತಾ!" ಅಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ಬೃಂದಾ ಕಂಡೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಮುಖ ಮತ್ತೆ ಹಳೆಯದಾಗಿತ್ತು. ಅವಳ ಮುಂದಿನ ಪರದೆಯಲ್ಲಿ ಐದು ಅಂಕಿಗಳು ಸಾಲಾಗಿ ಬಂದಿದ್ದವು. ಅವುಗಳ ಕೆಳಗೆ, ತಲೆಯಿಲ್ಲದ ಬಾಲವಿಲ್ಲದ ಒಂದು ದೊಡ್ಡ ಸಂಖ್ಯೆ.

"ಇದೆಲ್ಲಿಂದ ಬತ್ತದೆ ಗೊತ್ತಾಯ್ತಿಲ್ಲ ಮೇಡಂ. ಏನೋ ತಪ್ಪು ಮಾಡಿವ್ನಿ."

"ತಪ್ಪು ನಿಂದಲ್ಲ ಕಣೆ" ಅಂದಳು ಬೃಂದಾ. ಪಕ್ಕದಲ್ಲಿ ಕುರ್ಚಿ ಎಳೆದು ಕೂತಳು. "ಪಾಠದಲ್ಲೇ ತಪ್ಪು ಅದೆ. ಇಲ್ಲಿ ನೋಡು, ಈ ಚಿಹ್ನೆ ಇರಬಾರ್ದು."

ಸುಮಿತ್ರಾ ನಕ್ಕಳು. ತನ್ನನ್ನು ಸಮಾಧಾನ ಮಾಡಲು ಮೇಡಂ ಏನೋ ಹೇಳುತ್ತಿದ್ದಾರೆ ಅಂದುಕೊಂಡು ನಕ್ಕಳು. ಆಮೇಲೆ ತಾನಾಗಿಯೇ ಆ ಪುಟದ ಹಿಂದಿನ ಬದಲಾವಣೆಗಳನ್ನು ತೆರೆದು, ಬೆರಳಿಟ್ಟು ಒಂದೊಂದೇ ಹೆಸರು ಓದಿದಳು.

"ನೋಡಿವ್ನಿ ಮೇಡಂ. ಇಷ್ಟು ಜನ ದೊಡ್ಡೋರು ಸರಿ ಅಂದವ್ರೆ. ನೀವೊಬ್ರೆ ಅಲ್ವಾ ತಪ್ಪು ಅಂದಿರೋದು?" ಅಂದಳು, ಬೇಸರವಾಗದಿರಲಿ ಅನ್ನುವ ಹಾಗೆ ಮೆತ್ತಗೆ. "ಬುಡಿ ಮೇಡಂ, ನಂದೇ ಇರ್ಬೇಕು."

ತಾನು ಬರೆದದ್ದನ್ನೆಲ್ಲ ಅಳಿಸಿ, ಜಗಲಿಯ ಆ ಸಾಲನ್ನೇ ನೋಡಿಕೊಂಡು, ಒಂದಕ್ಷರವೂ ತಪ್ಪದ ಹಾಗೆ ಮತ್ತೆ ಮೊದಲಿನಿಂದ ಬರೆಯತೊಡಗಿದಳು.